ಕೆರೆ ಪಕ್ಕ ಮನೆ, ಅಂಗಳದಲ್ಲಿ ಮರ: ತುಮಕೂರಿಗೆ ಹೊಸದಾಗಿ ಬಂದವರಿಗೆ

ಅಮಾನಿಕೆರೆ ಆಸುಪಾಸಿಗೋ, ಮರಳೂರು ಕೆರೆ ಕಡೆಗೋ ಮನೆ ಮಾಡಿಕೊಂಡು ಬಂದಿರುವ ಎಲ್ಲರಿಗೂ ಸಂಘದ ಕಡೆಯಿಂದ ಸ್ವಾಗತ. ವಸಂತನರಸಾಪುರದ ಫ್ಯಾಕ್ಟರಿ ಕೆಲಸಕ್ಕೆ ಕಲಬುರಗಿ, ಹುಬ್ಬಳ್ಳಿ ಕಡೆಯಿಂದ ಬಂದವರು ನಮ್ಮಲ್ಲಿ ಜಾಸ್ತಿ ಇದ್ದಾರೆ. ಮಲೆನಾಡಿನವರೂ ಇದ್ದಾರೆ. ಶಾಲೆ, ರೇಷನ್ ಕಾರ್ಡ್, ಗ್ಯಾಸ್ ವಿಚಾರ ಎಲ್ಲರೂ ಕೇಳುತ್ತಾರೆ. ಮರದ ಬಗ್ಗೆ ಯಾರೂ ಕೇಳುವುದಿಲ್ಲ. ಆದ್ದರಿಂದ ಕೇಳುವ ಮುಂಚೆಯೇ ಬರೆಯುತ್ತಿದ್ದೇನೆ.

ನಾನು ಇಲ್ಲಿಗೆ ಬಂದ ಎರಡನೇ ವರ್ಷದ ಮಾತು. ಮನೆ ಮುಂದೆ ದೊಡ್ಡ ಗುಲ್‌ಮೊಹರ್ ಇತ್ತು. ಜನವರಿಯಲ್ಲಿ ಪೈಪ್ ಹಾಕಲು ರಸ್ತೆ ಬದಿ ಅಗೆದರು. ತೊಡೆ ದಪ್ಪದ ಎರಡು ಬೇರು ಕಡಿದು, ಮಣ್ಣು ಮುಚ್ಚಿ ಹೋದರು. ಮರ ಹಸಿರಾಗಿಯೇ ಇತ್ತು. ಏಪ್ರಿಲ್‌ನಲ್ಲಿ ಹೂವನ್ನೂ ಬಿಟ್ಟಿತು. ಒಂದು ಬೆಳಿಗ್ಗೆ ಗಿಡಕ್ಕೆ ನೀರು ಹಾಕುವಾಗ ಬುಡದ ಹತ್ತಿರ ಮಣ್ಣು ಬಿರಿದದ್ದು ಕಂಡಿತು. ಅರ್ಧಚಂದ್ರದ ಹಾಗೆ, ಬೆರಳು ತೂರುವಷ್ಟು ಅಗಲ. ಬಿಸಿಲಿಗೆ ಬಿರಿದಿದೆ ಅಂದುಕೊಂಡೆ. ನಾಲ್ಕನೇ ದಿನ ಸಂಜೆ ಗಾಳಿ ಎದ್ದಿತು. ಹಳೇ ಸೀರೆ ಹರಿದ ಹಾಗೆ ಒಂದು ಸದ್ದು. ಹೊರಗೆ ಬಂದು ನೋಡಿದರೆ ಕಾಂಪೌಂಡ್ ಗೋಡೆಯೇ ಇಲ್ಲ. ಐದು ನಿಮಿಷದ ಹಿಂದೆ ಎದುರು ಮನೆ ಹುಡುಗ ಅದೇ ಗೋಡೆ ಮೇಲೆ ಕೂತಿದ್ದ. ಅದನ್ನು ನೆನೆಸಿಕೊಂಡರೆ ಇವತ್ತಿಗೂ ನನ್ನ ಕೈ ತಣ್ಣಗಾಗುತ್ತದೆ.

ಕೆರೆ ಪಕ್ಕದ ಮರಗಳಿಗೆ ಅಪಾಯ ಸ್ವಲ್ಪ ಜಾಸ್ತಿ. ಬೇರಿಗೂ ಉಸಿರಾಡಲು ಗಾಳಿ ಬೇಕು. ನೆಲದಡಿ ನೀರು ಮೇಲೆಯೇ ಇದ್ದರೆ ಬೇರು ಆಳಕ್ಕೆ ಇಳಿಯದೆ ಅಗಲಕ್ಕೆ ಹರಡುತ್ತದೆ. ಲೇಔಟ್ ಮಾಡುವಾಗ ಹೊರಗಿನ ಮಣ್ಣು ತಂದು ತುಂಬಿದ ಕಡೆ ಹಿಡಿತ ಇನ್ನೂ ಕಡಿಮೆ. ಬಯಲು ನೀರಿನ ಮೇಲೆ ಬರುವ ಗಾಳಿಗೆ ಅಡ್ಡ ಏನೂ ಇರುವುದಿಲ್ಲ, ನೇರವಾಗಿ ಮೊದಲ ಸಾಲಿನ ಮರಕ್ಕೇ ಬಡಿಯುತ್ತದೆ. ನಮ್ಮಲ್ಲಿ ಮರ ಉರುಳುವುದು ಹೆಚ್ಚಾಗಿ ಏಪ್ರಿಲ್, ಮೇ ತಿಂಗಳ ಸಂಜೆಗಳಲ್ಲಿ, ಅಶ್ವಿನಿ, ಭರಣಿ ಮಳೆಯ ಗಾಳಿಗೆ. ಹಾಗಾಗಿ ಮರ ನೋಡುವ ಕೆಲಸ ಫೆಬ್ರವರಿಯಲ್ಲೇ ಆಗಬೇಕು.

ಏನು ನೋಡಬೇಕು? ಬುಡದಿಂದ ಶುರು ಮಾಡಿ. ಬುಡದಲ್ಲಿ ತಟ್ಟೆಯ ಹಾಗೆ ಗಟ್ಟಿ ಅಣಬೆ ಎದ್ದಿದ್ದರೆ ಒಳಗೆ ಕೊಳೆತಿದೆ ಅಂತಲೇ ತಿಳಿಯಿರಿ. ಮಣ್ಣು ಉಬ್ಬಿರುವುದು, ಬಿರಿದಿರುವುದು, ಇತ್ತೀಚೆಗೆ ಅಗೆದ ಗುರುತು ಇವೆಲ್ಲ ಕೆಟ್ಟ ಸೂಚನೆ. ಹುಟ್ಟಿನಿಂದಲೇ ವಾಲಿ ಬೆಳೆದ ಮರಕ್ಕೆ ಹೆದರಬೇಕಿಲ್ಲ, ಅದು ಬೇರನ್ನು ಅದಕ್ಕೆ ತಕ್ಕ ಹಾಗೆ ಬಲಪಡಿಸಿಕೊಂಡಿರುತ್ತದೆ. ಹೋದ ವರ್ಷ ನೆಟ್ಟಗಿದ್ದು ಈ ವರ್ಷ ವಾಲಿದರೆ ಮಾತ್ರ ತಡ ಮಾಡಬೇಡಿ. ಆಮೇಲೆ ಕವಲು ನೋಡಿ. ಎರಡು ದಪ್ಪ ಕೊಂಬೆ ಇಕ್ಕಟ್ಟಾಗಿ ಒಂದಕ್ಕೊಂದು ಒತ್ತಿಕೊಂಡು, ನಡುವೆ ತೊಗಟೆ ಸಿಕ್ಕಿಕೊಂಡಿದ್ದರೆ ಅಲ್ಲಿ ಸೀಳುತ್ತದೆ. ಸುತ್ತೆಲ್ಲ ಚಿಗುರಿರುವಾಗ ಒಂದೇ ಕೊಂಬೆ ಬೋಳಾಗಿದ್ದರೆ ಅದು ಸತ್ತ ಕೊಂಬೆ.

ಗೋಡೆ ಬಿದ್ದ ಮೇಲೆ ಉಳಿದ ಮರಗಳನ್ನು ನೋಡಲು ಒಬ್ಬ ಅಜ್ಜ ಬಂದಿದ್ದರು. ಮರ ಹತ್ತುವುದು ಬಿಟ್ಟು ವರ್ಷಗಳಾಗಿದ್ದವು. ಮಚ್ಚನ್ನು ತಿರುಗಿಸಿ, ಅದರ ಬೆನ್ನಿನಿಂದ ಹೊಂಗೆ ಮರದ ಕಾಂಡಕ್ಕೆ ತಟ್ಟುತ್ತಾ ಸುತ್ತು ಬಂದರು. ಟಕ್, ಟಕ್, ಟಕ್. ಒಂದು ಕಡೆ ಸದ್ದು ಬದಲಾಯಿತು, ಖಾಲಿ ಡಬ್ಬ ತಟ್ಟಿದ ಹಾಗೆ ಡಬ್ ಅಂತು. ಅಲ್ಲಿ ಕಿವಿ ಇಟ್ಟು ಮತ್ತೆ ತಟ್ಟಿದರು. 'ಇಲ್ಲಿ ಪೊಟರೆ ಐತೆ ಸ್ವಾಮಿ, ಆದ್ರೆ ಸುತ್ತ ಗೋಡೆ ಗಟ್ಟಿ ಐತೆ. ಮೇಲಿನ ಭಾರ ಇಳಿಸಿ, ಮರ ಕಡೀಬ್ಯಾಡಿ' ಅಂದರು. ಆ ಹೊಂಗೆ ಇನ್ನೂ ಇದೆ. ಪೊಟರೆ ಇದ್ದ ಮಾತ್ರಕ್ಕೆ ಮರ ಬೀಳುವುದಿಲ್ಲ. ನೋಡಿ ಗೊತ್ತಿರುವವರ ಒಂದು ಮಾತು ಕೇಳಿಯೇ ಮುಂದಿನ ನಿರ್ಧಾರ ಮಾಡಿ.

ಕಡಿಯಲೇಬೇಕು ಅಂತಾದರೆ ಕಾನೂನು ತಿಳಿದಿರಲಿ. ಮರ ನಿಮ್ಮ ಅಂಗಳದಲ್ಲೇ ಇದ್ದರೂ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆ, 1976ರ ಪ್ರಕಾರ ವೃಕ್ಷಾಧಿಕಾರಿಯ ಅನುಮತಿ ಬೇಕು. ಅರಣ್ಯ ಇಲಾಖೆ ಕಚೇರಿಯಲ್ಲಿ ವಿಚಾರಿಸಿ. ಅರ್ಜಿ ಜೊತೆ ಖಾತೆ ನಕಲು, ಮರದ ಫೋಟೋ, ಕಾರಣ ಕೊಡಿ. ಬುಡದ ಬಿರುಕು, ಅಣಬೆ ಇವುಗಳ ಹತ್ತಿರದ ಫೋಟೋ ಇದ್ದರೆ ಅಪಾಯ ಏನು ಅನ್ನುವುದು ಬಾಯಿಮಾತಿಗಿಂತ ಚೆನ್ನಾಗಿ ಗೊತ್ತಾಗುತ್ತದೆ. ತೆಂಗು, ಸಿಲ್ವರ್ ಓಕ್, ನೀಲಗಿರಿ, ಸರ್ವೆಯಂಥ ಕೆಲವು ಮರಗಳಿಗೆ ಕಾಯ್ದೆಯಲ್ಲೇ ವಿನಾಯಿತಿ ಇದೆ. ಶ್ರೀಗಂಧದ ಗಿಡ ತಾನಾಗಿ ಹುಟ್ಟಿದ್ದರೂ ಇಲಾಖೆಗೆ ತಿಳಿಸದೆ ಮುಟ್ಟಬೇಡಿ. ಬುಡಕ್ಕೆ ಆಸಿಡ್ ಹಾಕಿ ಒಣಗಿಸುವ ಸಲಹೆ ಯಾರಾದರೂ ಕೊಟ್ಟರೆ ದಯವಿಟ್ಟು ಕೇಳಬೇಡಿ. ಅದೂ ಅಪರಾಧವೇ, ಜೊತೆಗೆ ನಿಂತಲ್ಲೇ ಒಣಗಿದ ಮರ ಇನ್ನೂ ಅಪಾಯ. ರಸ್ತೆ ಬದಿಯ ಮರ, ಕೆರೆ ಏರಿ ಮೇಲಿನ ಮರ ನಮ್ಮದಲ್ಲ. ಪಾಲಿಕೆಗೋ ಅರಣ್ಯ ಇಲಾಖೆಗೋ ಬರೆದು ಕೊಟ್ಟು, ಸ್ವೀಕೃತಿ ಇಟ್ಟುಕೊಳ್ಳಿ. ಬಾಡಿಗೆ ಮನೆಯಾದರೆ ಮೊದಲು ಓನರ್‌ಗೆ ಹೇಳಿ.

ಈಗ ತಂತಿ ವಿಚಾರ. ಕೊಂಬೆ ಕರೆಂಟ್ ತಂತಿಗೆ ತಾಗುತ್ತಿದ್ದರೆ ನೀವೂ ಕೈ ಹಾಕಬೇಡಿ, ಕೂಲಿಯವರಿಗೂ ಹಾಕಲು ಬಿಡಬೇಡಿ. ಹಸಿ ಕೊಂಬೆಯಲ್ಲಿ ಕರೆಂಟ್ ಹರಿಯುತ್ತದೆ. ಬೆಸ್ಕಾಂ ಸಹಾಯವಾಣಿ 1912. ಲೈನ್‌ಮನ್ ಬಂದು ಕರೆಂಟ್ ತೆಗೆದು, ಲೈನ್ ಕ್ಲಿಯರ್ (ಇನ್ನು ಕೆಲಸ ಮಾಡಬಹುದು ಎಂಬ ಒಪ್ಪಿಗೆ) ಕೊಟ್ಟ ಮೇಲೆಯೇ ಮಚ್ಚು ಎತ್ತಬೇಕು. ತಂತಿ ಕಡಿದು ನೆಲಕ್ಕೆ ಬಿದ್ದಿದ್ದರೆ ಹತ್ತು ಮೀಟರ್ ದೂರ ನಿಲ್ಲಿ, ಮಕ್ಕಳನ್ನು ಒಳಗೆ ಕಳಿಸಿ. ಬೀದಿಯಲ್ಲಿ ಕರೆಂಟ್ ಹೋಗಿದೆ ಅಂತ ನಂಬಬೇಡಿ, ಯಾರದ್ದೋ ಜನರೇಟರ್‌ನಿಂದ ವಾಪಸ್ ಹರಿಯಬಹುದು. ಮರದಡಿ ಜನ ಸಿಕ್ಕಿಕೊಂಡಿದ್ದರೆ 112.

ಕೆಲಸದವರನ್ನು ಕರೆಯುವಾಗ ರೇಟ್ ಒಂದನ್ನೇ ಕೇಳಬೇಡಿ. ಹಗ್ಗ, ಸೊಂಟದ ಬೆಲ್ಟ್, ಹೆಲ್ಮೆಟ್ ಇದೆಯಾ ಕೇಳಿ. ಕೊಂಬೆಯನ್ನು ಹಗ್ಗ ಕಟ್ಟಿ ಇಳಿಸುತ್ತಾರಾ, ಹಾಗೇ ಬೀಳಿಸುತ್ತಾರಾ ಕೇಳಿ. ಕೆಳಗೆ ನಿಲ್ಲಲು ಒಬ್ಬರು ಇರಲೇಬೇಕು. ಸೌದೆ ಯಾರಿಗೆ, ಸೊಪ್ಪು ಸಾಗಿಸುವವರು ಯಾರು, ಬೊಡ್ಡೆ ಅಗೆದು ಕೊಡುತ್ತಾರಾ, ಇದೆಲ್ಲ ಮೊದಲೇ ಮಾತಾಡಿ. ಹಣ ಪೂರ್ತಿ ಮುಂಗಡ ಕೊಡಬೇಡಿ. ಇನ್ನೊಂದು ಮಾತು, ಇದು ನನ್ನ ಮನಸ್ಸಿನದು. ಮರ ಹತ್ತುವವರ ಮನೆಯೂ ಅವರ ಕೈಕಾಲನ್ನೇ ನಂಬಿರುತ್ತದೆ. ಪ್ರಧಾನ ಮಂತ್ರಿ ಸುರಕ್ಷಾ ಬಿಮಾ ಯೋಜನೆಗೆ ವರ್ಷಕ್ಕೆ 20 ರೂಪಾಯಿ. ಅಪಘಾತದಲ್ಲಿ ಸಾವಾದರೆ 2 ಲಕ್ಷ ಬರುತ್ತದೆ. 18ರಿಂದ 70 ವರ್ಷದವರು ಬ್ಯಾಂಕ್ ಖಾತೆ ಇದ್ದರೆ ಮಾಡಿಸಬಹುದು. ನಿಮ್ಮ ಮನೆಗೆ ಬರುವವರಿಗೆ ಇದೆಯಾ ಅಂತ ಕೇಳಿ, ಇಲ್ಲದಿದ್ದರೆ ಫಾರಂ ತುಂಬಲು ನೆರವಾಗಿ.

ಕೊಂಬೆ ಕತ್ತರಿಸುವ ರೀತಿಯನ್ನೂ ನೀವು ತಿಳಿದಿರಬೇಕು, ಯಾಕೆಂದರೆ ನಮ್ಮಲ್ಲಿ ಬಹಳ ಮರ ಹಾಳಾಗುವುದು ಇಲ್ಲೇ. ದಪ್ಪ ಕೊಂಬೆಗೆ ಮೂರು ಗಾಯ. ಮೊದಲನೆಯದು ಕಾಂಡದಿಂದ ಒಂದಡಿ ಆಚೆ, ಕೆಳಗಿನಿಂದ, ಕಾಲು ಭಾಗದಷ್ಟು ಆಳ. ಎರಡನೆಯದು ಅದಕ್ಕಿಂತ ಸ್ವಲ್ಪ ಆಚೆ ಮೇಲಿನಿಂದ, ಆಗ ಕೊಂಬೆ ತೊಗಟೆ ಸುಲಿಯದೆ ಬೀಳುತ್ತದೆ. ಕೊನೆಗೆ ಉಳಿದ ಮೋಟನ್ನು ತೆಗೆಯುವುದು. ಕೊಂಬೆ ಹುಟ್ಟುವಲ್ಲಿ ಬಳೆಯ ಹಾಗೆ ಉಬ್ಬಿದ ಭಾಗ ಇರುತ್ತದಲ್ಲ, ಅದರ ಹೊರಗಡೆ ಕತ್ತರಿಸಬೇಕು. ಆ ಉಬ್ಬಿನಿಂದಲೇ ಮರ ಗಾಯ ಮುಚ್ಚಿಕೊಳ್ಳುತ್ತದೆ. ಟಾರು, ಸಿಮೆಂಟು ಬಳಿಯುವುದು ಬೇಡ. ಒಂದೇ ಸಲ ಕಾಲು ಭಾಗಕ್ಕಿಂತ ಜಾಸ್ತಿ ಸೊಪ್ಪು ತೆಗೆಯಬೇಡಿ. ಮರದ ತಲೆ ಹಾರಿಸಿ ಬೋಳಿಸುವುದಂತೂ ಬೇಡವೇ ಬೇಡ. ಆಮೇಲೆ ಬರುವ ಚಿಗುರು ಮೇಲುಮೇಲೆ ಅಂಟಿಕೊಂಡಿರುತ್ತದೆ, ಮೂರ್ನಾಲ್ಕು ವರ್ಷಕ್ಕೆ ದಪ್ಪಗಾಗಿ ಗಾಳಿಗೆ ಕಿತ್ತು ಬರುತ್ತದೆ.

ತೆಂಗಿನ ಕಥೆಯೇ ಬೇರೆ. ತಿಪಟೂರಿನ ಕೊಬ್ಬರಿಗೆ ಹೆಸರಾದ ಜಿಲ್ಲೆ ಇದು, ಸೈಟ್‌ಗೊಂದಾದರೂ ತೆಂಗು ಇರುತ್ತದೆ. ಒಣ ಗರಿ, ಬಲಿತ ಕಾಯಿ ಕಾಲಕಾಲಕ್ಕೆ ಇಳಿಸಿ. ಅದರ ಕೆಳಗೆ ಕಾರು, ತೊಟ್ಟಿಲು, ಮಕ್ಕಳ ಸೈಕಲ್ ಇಡಬೇಡಿ. ಬುಡದ ಹತ್ತಿರ ಕೆಂಪು ಮಿಶ್ರಿತ ಕಂದು ರಸ ಸೋರುತ್ತಿದ್ದರೆ ಅಣಬೆ ರೋಗ ಇರಬಹುದು. ಸುಳಿಯಲ್ಲಿ ತೂತು, ಅಗಿದ ನಾರು ಕಂಡರೆ ದುಂಬಿಯೋ ಕೆಂಪು ಮೂತಿ ಹುಳುವೋ ಇರುತ್ತದೆ, ಬಿಟ್ಟರೆ ಸುಳಿಯೇ ಕಳಚಿ ಬೀಳುತ್ತದೆ. ಫೋಟೋ ತೆಗೆದುಕೊಂಡು ಹಿರೇಹಳ್ಳಿಯ ಕೃಷಿ ವಿಜ್ಞಾನ ಕೇಂದ್ರಕ್ಕೆ ಹೋಗಿ, ತಿಳಿದವರು ಅಲ್ಲಿ ಸಿಗುತ್ತಾರೆ.

ಕಡಿಯುವ ಮುಂಚೆ ಒಮ್ಮೆ ತಲೆ ಎತ್ತಿ ನೋಡಿ. ಕೆರೆ ಪಕ್ಕದ ಮರದಲ್ಲಿ ಬೆಳ್ಳಕ್ಕಿ, ನೀರುಕಾಗೆ ಗೂಡು ಕಟ್ಟಿರಬಹುದು. ಮರಿ ಹಾರುವವರೆಗೆ ತಡೆಯಿರಿ. ಹೆಜ್ಜೇನಿದ್ದರೆ ಹೊಗೆ ಹಾಕುವ ಸಾಹಸ ಬೇಡ, ತೆಗೆಯಲು ಬಲ್ಲವರನ್ನೇ ಕರೆಯಿರಿ. ನಾಗವಲ್ಲಿ ಕಡೆ ಮನೆ ಮಾಡಿದವರಿಗೆ ವಿಶೇಷವಾಗಿ ಹೇಳುತ್ತೇನೆ, ಅಲ್ಲಿ ಕಾಡುಪಾಪ ಇದೆ. ಅದು ಕೊಂಬೆಯಿಂದ ಕೊಂಬೆಗೆ ದಾಟಿಯೇ ಬದುಕುವ ಪ್ರಾಣಿ. ಸಾಲಿನ ನಡುವೆ ಒಂದು ಮರ ಹೋದರೆ ಅದರ ದಾರಿಯೇ ಕಡಿದ ಹಾಗೆ.

ವಿಮೆಯ ಬಗ್ಗೆ ಚಿಕ್ಕದಾಗಿ: 2021ರಿಂದ ಇರುವ 'ಭಾರತ್ ಗೃಹ ರಕ್ಷಾ' ಪಾಲಿಸಿಯಲ್ಲಿ ಮರ ಬಿದ್ದು ಮನೆಗೆ ಆಗುವ ನಷ್ಟ ಸೇರಿದೆ. ಗಾಡಿಗೆ ಬರೀ ಥರ್ಡ್ ಪಾರ್ಟಿ ಇದ್ದರೆ ಏನೂ ಬರುವುದಿಲ್ಲ. ಬಿದ್ದ ಮರ ತೆಗೆಸುವ ಮುಂಚೆ ಫೋಟೋ ತೆಗೆದಿಟ್ಟುಕೊಳ್ಳಿ.

ಒಂದು ಮರ ತೆಗೆದವರು ಇನ್ನೊಂದು ನೆಡಿ. 30×40 ಸೈಟ್‌ಗೆ ಪಾರಿಜಾತ, ಸೀಬೆ, ಕರಿಬೇವು, ನಿಂಬೆ ಸಾಕು. ಅರಳಿ, ಆಲ, ಅತ್ತಿ ಗೋಡೆ ಹತ್ತಿರ ಬೇಡ. ಇರುವ ಮರದ ಬುಡಕ್ಕೆ ಸಿಮೆಂಟ್ ಹಾಕಿದ್ದರೆ ಸುತ್ತ ಒಂದು ಮೀಟರ್ ಒಡೆದು ಮಣ್ಣು ಬಿಡಿ. ಸಸಿ ನೆಡಲು ಜೂನ್, ಜುಲೈ ಒಳ್ಳೆಯದು. ಆಸರೆ ಕೋಲನ್ನು ಸಡಿಲವಾಗಿ ಕಟ್ಟಿ, ವರ್ಷಕ್ಕೆ ಬಿಚ್ಚಿಬಿಡಿ. ಮರೆತರೆ ಹಗ್ಗ ಕಾಂಡದೊಳಕ್ಕೆ ಇಳಿಯುತ್ತದೆ, ಮುಂದೆ ಗಿಡ ಅಲ್ಲೇ ಮುರಿಯುತ್ತದೆ.