ರೋಬೋ ವ್ಯಾಕ್ಯೂಮ್ ವೈಫೈ ಹಿಡೀತಿಲ್ವಾ? ಮೊದಲು ರೂಟರ್ ನೋಡಿ

ಮನೆಗೆ ಹೊಸ ಫೈಬರ್ ಕನೆಕ್ಷನ್ ಬಂದ ದಿನ ಮೊಬೈಲು, ಟಿವಿ ಎಲ್ಲ ಸಲೀಸಾಗಿ ಸೇರಿಕೊಂಡವು. ಕಸ ಗುಡಿಸುವ ರೋಬೋ ಮಾತ್ರ ಆ್ಯಪ್‌ನಲ್ಲಿ 'ಆಫ್‌ಲೈನ್' ಅಂತ ಮುನಿಸಿಕೊಂಡು ಕೂತಿತು. ಎರಡು ದಿನ ನಾನು ಆ್ಯಪ್ ಜೊತೆ ಗುದ್ದಾಡಿದೆ. ಅಷ್ಟರಲ್ಲಿ ಅಮ್ಮ ರೋಬೋ ಮೇಲಿನ ಬಟನ್ ಒತ್ತಿ ಎರಡು ಸಲ ಹಾಲ್ ಗುಡಿಸಿದ್ದರು. ಹೌದು, ಸುಮ್ನೆ ಗುಡಿಸೋಕೆ ಅದಕ್ಕೆ ವೈಫೈ ಬೇಕಿಲ್ಲ. ಹಾಗಾಗಿ ಗಾಬರಿ ಬೇಡ.

ತೊಂದರೆ ಇದ್ದದ್ದು ರೂಟರ್‌ನಲ್ಲಿ. ಈಗಿನ ಹಲವು ರೂಟರ್‌ಗಳು 2.4 ಗಿಗಾಹರ್ಟ್ಸ್ ಮತ್ತು 5 ಗಿಗಾಹರ್ಟ್ಸ್ ಅನ್ನುವ ವೈಫೈನ ಎರಡು ಬ್ಯಾಂಡ್‌ಗಳನ್ನೂ (ರೇಡಿಯೋ ತರಂಗದ ಪಟ್ಟಿಗಳು) ಒಂದೇ ಹೆಸರಲ್ಲಿ ತೋರಿಸುತ್ತವೆ. ಹೆಚ್ಚಿನ ರೋಬೋಗಳಿಗೆ 2.4 ಮಾತ್ರ ಗೊತ್ತು. ಫೋನ್ 5ರಲ್ಲಿ ಇರುತ್ತದೆ, ಸೆಟಪ್ ಅರ್ಧಕ್ಕೇ ನಿಲ್ಲುತ್ತದೆ. ಬ್ರೌಸರ್‌ನಲ್ಲಿ 192.168.1.1 ಅಥವಾ 192.168.0.1 ಹಾಕಿ (ಸರಿಯಾದ ವಿಳಾಸ ಸಾಮಾನ್ಯವಾಗಿ ರೂಟರ್ ಅಡಿಯ ಸ್ಟಿಕ್ಕರ್‌ನಲ್ಲೇ ಇರುತ್ತದೆ), ಲಾಗಿನ್ ಆಗಿ, 'ಸ್ಮಾರ್ಟ್ ಕನೆಕ್ಟ್' ಅಥವಾ 'ಬ್ಯಾಂಡ್ ಸ್ಟಿಯರಿಂಗ್' ಅನ್ನುವುದನ್ನು ಆಫ್ ಮಾಡಿ ಎರಡಕ್ಕೂ ಬೇರೆ ಬೇರೆ ಹೆಸರು ಕೊಡಿ. ಅಲ್ಲೇ ಸೆಕ್ಯುರಿಟಿ (ವೈಫೈಗೆ ಬೀಗ ಹಾಕುವ ವಿಧಾನ) ಡಬ್ಲ್ಯುಪಿಎ3 ಅಂತಿದ್ದರೆ ಡಬ್ಲ್ಯುಪಿಎ2ಗೆ ಇಳಿಸಿ ನೋಡಿ. ಹಳೇ ರೋಬೋಗಳಿಗೆ 3 ಅರ್ಥವಾಗುವುದಿಲ್ಲ.

ಇನ್ನು ಜೋಡಿಸುವ ಕೆಲಸ. ಫೋನನ್ನು 2.4ಕ್ಕೆ ಹಾಕಿ, ಮೊಬೈಲ್ ಡೇಟಾ ಮತ್ತು ವಿಪಿಎನ್ ಆಫ್ ಮಾಡಿ, ಆ್ಯಪ್‌ಗೆ ಲೊಕೇಶನ್ ಅನುಮತಿ ಕೊಡಿ. ನಮ್ಮದರಲ್ಲಿ ಪವರ್ ಮತ್ತು ಹೋಮ್ ಬಟನ್ ಒಟ್ಟಿಗೆ ಒತ್ತಿ ಹಿಡಿದರೆ ವೈಫೈ ರೀಸೆಟ್ ಆಯಿತು ಅಂತ ಅದೇ ಹೇಳುತ್ತದೆ. ನಿಮ್ಮದರ ಬಟನ್ ಬೇರೆ ಇರಬಹುದು, ಮ್ಯಾನ್ಯುಯಲ್ ನೋಡಿಕೊಳ್ಳಿ. ಆಮೇಲೆ ರೋಬೋ ತನ್ನದೇ ಹಾಟ್‌ಸ್ಪಾಟ್ ತೆರೆಯುತ್ತದೆ. ಫೋನ್ ಅದಕ್ಕೆ ಸೇರಿದ ತಕ್ಷಣ 'ಇದರಲ್ಲಿ ಇಂಟರ್ನೆಟ್ ಇಲ್ಲ, ಬಿಡಲಾ?' ಅಂತ ಕೇಳುತ್ತದೆ. ಬಿಡಬೇಡಿ. ನಾನು ಮೂರು ಸಲ ಎಡವಿದ್ದು ಇಲ್ಲೇ.

ಆಮೇಲೆ ಹೊಳೆದ ಉಪಾಯ ಒಂದಿದೆ, ಮೊದಲೇ ಗೊತ್ತಿದ್ದರೆ ಇಷ್ಟೆಲ್ಲ ಒದ್ದಾಟವೇ ಇರುತ್ತಿರಲಿಲ್ಲ: ಹೊಸ ರೂಟರ್‌ನ 2.4ಕ್ಕೆ ಹಳೇ ವೈಫೈನ ಹೆಸರು, ಪಾಸ್‌ವರ್ಡ್ ಎರಡನ್ನೂ ಅಕ್ಷರ ತಪ್ಪದೆ ಇಟ್ಟುಬಿಟ್ಟರೆ ರೋಬೋ, ಸ್ಮಾರ್ಟ್ ಬಲ್ಬು ಎಲ್ಲ ಸಾಮಾನ್ಯವಾಗಿ ತಾವಾಗಿಯೇ ವಾಪಸ್ ಸೇರಿಕೊಳ್ಳುತ್ತವೆ.

ಸೇರಿದ ಮೇಲೂ ಆಗಾಗ ಕಟ್ ಆಗುತ್ತಿದೆಯಾ? ಡಾಕ್ (ರೋಬೋ ಚಾರ್ಜ್ ಆಗುವ ಸ್ಟ್ಯಾಂಡ್) ಇರುವ ಜಾಗದಲ್ಲಿ ನೆಲದ ಹತ್ತಿರ ಫೋನ್ ಹಿಡಿದು ಸಿಗ್ನಲ್ ನೋಡಿ. ನಿಂತು ನೋಡಿದರೆ ಪ್ರಯೋಜನವಿಲ್ಲ, ರೋಬೋ ಓಡಾಡೋದು ನೆಲದ ಮೇಲೆ ಅಲ್ವಾ? ಸ್ಟೀಲ್ ಬೀರು ಅಡ್ಡ ಇದ್ದರೆ, ಪಕ್ಕದಲ್ಲೇ ಮೈಕ್ರೋವೇವ್ ಓಡುತ್ತಿದ್ದರೆ ಸಿಗ್ನಲ್ ಕೆಡುತ್ತದೆ. ಅಪಾರ್ಟ್‌ಮೆಂಟ್‌ನಲ್ಲಿ ಅಕ್ಕಪಕ್ಕದ ರೂಟರ್‌ಗಳ ಕಾಟವೂ ಜಾಸ್ತಿ. ರೂಟರ್ ಸೆಟ್ಟಿಂಗ್‌ನಲ್ಲಿ 2.4ರ ಚಾನೆಲ್ (ಬ್ಯಾಂಡ್‌ನೊಳಗಿನ ದಾರಿ) 'ಆಟೋ' ಬಿಟ್ಟು 1, 6, 11ರಲ್ಲಿ ಒಂದನ್ನು ಹಾಕಿ, ಒಂದೊಂದನ್ನೂ ಒಂದು ದಿನ ಇಟ್ಟು ನೋಡಿ. ನಮ್ಮ ಮನೆಯಲ್ಲಿ 11 ಸರಿಹೋಯಿತು.