ಅಪ್ಪಟ ಬಣ್ಣವೋ, ಬೆರೆಸಿದ ಬಣ್ಣವೋ? ಬಟ್ಟೆಯ ಬಣ್ಣ ಕೊಳ್ಳುವಾಗ ಗುರುತಿಸುವುದು ಹೇಗೆ

ಸೋಡಾ ಆ್ಯಶ್ (ಬಟ್ಟೆ ಒಗೆಯುವ ಸೋಡಾ) ಕರಗಿಸಿದ ನೀರಿನಲ್ಲಿ ನೆನೆಸಿ, ಮಡಿಚಿ, ದಾರ ಬಿಗಿದ ಬಿಳಿ ಹತ್ತಿ ಬಟ್ಟೆಯ ಮೇಲೆ ನಾನು ಒಮ್ಮೆ ನೇರಳೆ ಬಣ್ಣವನ್ನು ಹನಿಸಿದ್ದೆ. ಮರುದಿನ ದಾರ ಬಿಚ್ಚಿ ತೊಳೆದಾಗ ಹನಿ ಬಿದ್ದ ಜಾಗದಲ್ಲಿ ಕೆಂಪು ಹೆಚ್ಚಾದ ನೇರಳೆಯೂ ಅದರ ಸುತ್ತ ತಿಳಿನೀಲಿಯ ಉಂಗುರವೂ ಕಾಣಿಸಿದವು. ಪುಡಿ ಹಳತಾಗಿ ಕೆಟ್ಟಿರಬೇಕೆಂದು ಭಾವಿಸಿದೆ. ಪುಡಿ ಕೆಟ್ಟಿರಲಿಲ್ಲ, ಡಬ್ಬಿಯೊಳಗೆ ನೇರಳೆ ಎಂಬ ಬಣ್ಣವೇ ಇರಲಿಲ್ಲ, ಗುಲಾಬಿಗೆಂಪು ಮತ್ತು ನೀಲಿ ಪುಡಿಗಳು ಸೇರಿ ನೇರಳೆಯಂತೆ ತೋರುತ್ತಿದ್ದವು. ಈ ಸಂಗತಿಯನ್ನು ಕೊಳ್ಳುವ ಹೊತ್ತಿನಲ್ಲಿಯೇ ತಿಳಿಯಲು ಸಾಧ್ಯವಿತ್ತು.

ಒಂದೇ ಬಗೆಯ ವರ್ಣದ್ರವ್ಯದಿಂದ ಬರುವ ಬಣ್ಣವನ್ನು ಇಲ್ಲಿ ಅಪ್ಪಟ ಬಣ್ಣ ಎಂದೂ, ಎರಡು ಅಥವಾ ಹೆಚ್ಚು ವರ್ಣದ್ರವ್ಯಗಳನ್ನು ಕೂಡಿಸಿ ತಯಾರಿಸಿದ್ದನ್ನು ಬೆರೆಸಿದ ಬಣ್ಣ ಎಂದೂ ಕರೆಯೋಣ. ಬೆರೆಸಿದ್ದು ಎಂದರೆ ಕಲಬೆರಕೆಯಲ್ಲ, ಅದರಲ್ಲಿ ಮೋಸವೇನೂ ಇಲ್ಲ. ಹಾಗೆಯೇ ಅಪ್ಪಟ ಎಂದರೆ ಡಬ್ಬಿಯ ತುಂಬ ವರ್ಣದ್ರವ್ಯವೇ ಇದೆ ಎಂದೂ ಅಲ್ಲ. ಬಣ್ಣದ ಬಲವನ್ನು ಒಂದೇ ಮಟ್ಟಕ್ಕೆ ತರಲು ಲವಣಗಳನ್ನೂ, ಧೂಳು ಏಳದಿರಲು ತುಸು ಎಣ್ಣೆಯನ್ನೂ ತಯಾರಕರು ಸೇರಿಸುವುದು ವಾಡಿಕೆ. ನಮಗೆ ಬೇಕಾಗಿರುವ ಉತ್ತರ ಒಂದೇ: ಬಣ್ಣ ಕೊಡುವ ವಸ್ತು ಒಂದೋ, ಹಲವೋ?

ಈ ಭೇದ ಮುಖ್ಯವಾಗುವುದು ತಾವೇ ಬಣ್ಣ ಕೂಡಿಸಿಕೊಳ್ಳುವವರಿಗೆ. ಅಪ್ಪಟ ಹಳದಿಗೆ ಅಪ್ಪಟ ನೀಲಿ ಸೇರಿಸಿದರೆ ಬರುವ ಹಸಿರು ಸ್ವಚ್ಛವಾಗಿರುತ್ತದೆ. ಆ ನೀಲಿಯೊಳಗೆ ಮೊದಲೇ ಕೆಂಪು ಅಡಗಿದ್ದರೆ ಹಸಿರು ಮಂಕಾಗಿ ಕೆಸರಿನ ಕಡೆಗೆ ತಿರುಗುತ್ತದೆ. ಏಕೆ ಹಾಗಾಯಿತು ಎಂಬುದು ತಿಳಿಯದೆ ಅಳತೆಯನ್ನು ಎಷ್ಟು ಬದಲಿಸಿದರೂ ಅದು ಸರಿಹೋಗುವುದಿಲ್ಲ.

ಮೊದಲ ಹೆಜ್ಜೆ: ಹೆಸರನ್ನು ಬಿಟ್ಟು ಸಂಖ್ಯೆಯನ್ನು ಓದಿ

ಡಬ್ಬಿಯ ಮೇಲಿನ ಚೆಂದದ ಹೆಸರುಗಳು ಮಾರಾಟಗಾರರು ಇಟ್ಟವು. ಒಬ್ಬರ ‘ಕಡುಗೆಂಪು’ ಅಪ್ಪಟವಾಗಿದ್ದು, ಇನ್ನೊಬ್ಬರ ‘ಕಡುಗೆಂಪು’ ಮೂರು ಪುಡಿಗಳ ಮಿಶ್ರಣವಾಗಿರಬಹುದು. ನಂಬಬೇಕಾದದ್ದು ಕಲರ್ ಇಂಡೆಕ್ಸ್ ಹೆಸರನ್ನು. ಬ್ರಿಟನ್ನಿನ ಸೊಸೈಟಿ ಆಫ್ ಡೈಯರ್ಸ್ ಅಂಡ್ ಕಲರಿಸ್ಟ್ಸ್ ಸಂಸ್ಥೆಯು 1920ರ ದಶಕದಲ್ಲಿ ಮೊದಲು ಹೊರತಂದ ಈ ಪಟ್ಟಿಯಲ್ಲಿ ವರ್ಣದ್ರವ್ಯದ ವರ್ಗ, ಬಣ್ಣ ಮತ್ತು ಕ್ರಮಸಂಖ್ಯೆ ಸೇರಿ ಒಂದು ಹೆಸರಾಗುತ್ತದೆ. ‘ರಿಯಾಕ್ಟಿವ್ ರೆಡ್ 2’ ಎಂದಿದ್ದರೆ, ನಾರಿನೊಡನೆ ರಾಸಾಯನಿಕವಾಗಿ ಬೆಸೆದುಕೊಳ್ಳುವ ವರ್ಗದ ಕೆಂಪುಗಳಲ್ಲಿ ಎರಡನೆಯದು ಎಂದು ಅರ್ಥ. ಇಂತಹ ಹೆಸರು ಒಂದೇ ಇದ್ದರೆ ಬಣ್ಣ ಅಪ್ಪಟವೆಂದು ತಿಳಿಯಬಹುದು. ಎರಡು ಮೂರು ಇದ್ದರೆ ಬೆರೆಸಿದ್ದು. ಒಂದೂ ಇಲ್ಲದಿದ್ದರೆ ಮಾರುವವರನ್ನು ಬರವಣಿಗೆಯಲ್ಲಿ ಕೇಳಿ ತಿಳಿದುಕೊಳ್ಳಬೇಕು. ‘ಇದು ಒಂಟಿ ಬಣ್ಣವೇ?’ ಎಂದು ಕೇಳುವುದಕ್ಕಿಂತ ‘ಇದರ ಕಲರ್ ಇಂಡೆಕ್ಸ್ ಹೆಸರೇನು?’ ಎಂದು ಕೇಳುವುದು ಮೇಲು, ಏಕೆಂದರೆ ಮೊದಲನೆಯದಕ್ಕೆ ಯಾರಾದರೂ ಸುಲಭವಾಗಿ ‘ಹೌದು’ ಎಂದುಬಿಡುತ್ತಾರೆ.

ಹತ್ತಿಗೆ ಹೆಚ್ಚು ಬಳಕೆಯಲ್ಲಿರುವ ಪ್ರೋಸಿಯಾನ್ ಎಂಎಕ್ಸ್ ಬಗೆಯ ರಿಯಾಕ್ಟಿವ್ ಬಣ್ಣಗಳಲ್ಲಿ ಇನ್ನೊಂದು ಸುಳಿವು ಸಿಗುತ್ತದೆ. ಇಂಪೀರಿಯಲ್ ಕೆಮಿಕಲ್ ಇಂಡಸ್ಟ್ರೀಸ್ 1956ರಲ್ಲಿ ಪ್ರೋಸಿಯಾನ್ ಬಣ್ಣಗಳನ್ನು ಮಾರುಕಟ್ಟೆಗೆ ತಂದಿತು. ಇವುಗಳ ಸಂಕೇತದ ಕೊನೆಯ ಅಕ್ಷರಗಳು ಜರ್ಮನ್ ಭಾಷೆಯ ಬಣ್ಣದ ಪದಗಳಿಂದ ಬಂದಿವೆ: ‘ಬಿ’ ನೀಲಿಯ ಕಡೆಗೆ, ‘ಆರ್’ ಕೆಂಪಿನ ಕಡೆಗೆ, ‘ಜಿ’ ಹಳದಿ ಅಥವಾ ಹಸಿರಿನ ಕಡೆಗೆ ವಾಲುವುದನ್ನು ಸೂಚಿಸುತ್ತದೆ, ಪಕ್ಕದ ಅಂಕಿ ಆ ವಾಲಿಕೆ ಎಷ್ಟೆಂಬುದನ್ನು ಹೇಳುತ್ತದೆ. ಹಾಗಾಗಿ ಕೆಂಪು ಎಂಎಕ್ಸ್-5ಬಿಗಿಂತ ಎಂಎಕ್ಸ್-8ಬಿ ಇನ್ನಷ್ಟು ನೀಲಿಗೆ ಸರಿದ ಗುಲಾಬಿಗೆಂಪು. ಸಾಮಾನ್ಯವಾಗಿ ಇಂತಹ ಸಂಕೇತ ಇರುವುದು ಒಂಟಿ ಬಣ್ಣಗಳಿಗೆ. ಆದರೂ ಕೆಲವು ಮಿಶ್ರಣಗಳಿಗೂ ಸಂಕೇತ ಅಂಟಿಸುವುದುಂಟು, ಆದ್ದರಿಂದ ಇದು ಸುಳಿವೇ ಹೊರತು ಪುರಾವೆಯಲ್ಲ.

ಎರಡನೆಯ ಹೆಜ್ಜೆ: ಬಣ್ಣವನ್ನು ನೋಡಿಯೇ ಅಂದಾಜು ಮಾಡಿ

ಕಂದು, ಬೂದು, ಎಲೆಹಸಿರು, ಕಪ್ಪು ಎಂದು ಮಾರುವವುಗಳಲ್ಲಿ ಹೆಚ್ಚಿನವು ಬೆರೆಸಿದವು. ನೇರಳೆಗಳೂ ಬಹುಮಟ್ಟಿಗೆ ಹಾಗೆಯೇ. ಎಂಎಕ್ಸ್ ಬಗೆಯಲ್ಲಿ ಅಪ್ಪಟ ಕಪ್ಪು ಎಂಬುದು ಇಲ್ಲವೇ ಇಲ್ಲ. ರಿಯಾಕ್ಟಿವ್ ಬಣ್ಣಗಳ ಇನ್ನೊಂದು ಕವಲಿನಲ್ಲಿ ‘ರಿಯಾಕ್ಟಿವ್ ಬ್ಲ್ಯಾಕ್ 5’ ಎಂಬ ಒಂಟಿ ಕಪ್ಪು ಇದೆ, ಆದರೆ ಅದು ನೀಲಿಗೆ ವಾಲುವುದರಿಂದ ಅದಕ್ಕೂ ಕಿತ್ತಳೆ ಅಥವಾ ಕೆಂಪನ್ನು ಸೇರಿಸಿ ಮಾರುವುದು ಹೆಚ್ಚು. ಎಲ್ಲ ಬಗೆಯ ಬಟ್ಟೆಗೂ ಆಗುತ್ತದೆ ಎಂದು ಮಾರುವ ಮನೆಬಳಕೆಯ ಪೊಟ್ಟಣಗಳಲ್ಲಿ ಹತ್ತಿಗೆ ಹಿಡಿಯುವ ಒಂದು ವರ್ಗ, ಉಣ್ಣೆ ಮತ್ತು ನೈಲಾನಿಗೆ ಹಿಡಿಯುವ ಇನ್ನೊಂದು ವರ್ಗ, ಹೀಗೆ ಎರಡೂ ಸೇರಿರುವುದು ಸಾಮಾನ್ಯ. ಅಲ್ಲಿ ಅಪ್ಪಟ ಬಣ್ಣವನ್ನು ಹುಡುಕುವುದರಲ್ಲಿ ಫಲವಿಲ್ಲ.

ಮೂರನೆಯ ಹೆಜ್ಜೆ: ಒದ್ದೆ ಕಾಗದದ ಮೇಲೆ ಪುಡಿ ಉದುರಿಸಿ

ಹೆಚ್ಚು ಕೊಳ್ಳುವ ಮೊದಲು ಚಿಕ್ಕ ಡಬ್ಬಿಯೊಂದನ್ನು ತಂದು ಮಾಡಬಹುದಾದ ಪರೀಕ್ಷೆಗಳಲ್ಲಿ ನನಗೆ ಅತ್ಯಂತ ಪ್ರಿಯವಾದದ್ದು ಇದು. ಫ್ಯಾನ್ ಆರಿಸಿ, ಮೂಗುಬಾಯಿಗೆ ಮಾಸ್ಕ್ ಮತ್ತು ಕೈಗೆ ಗ್ಲೌಸ್ ಹಾಕಿಕೊಳ್ಳಿ. ರಿಯಾಕ್ಟಿವ್ ಪುಡಿಯನ್ನು ಮತ್ತೆ ಮತ್ತೆ ಉಸಿರಿನೊಡನೆ ಎಳೆದುಕೊಂಡರೆ ಉಸಿರಾಟದ ಅಲರ್ಜಿ ಹತ್ತಿಕೊಳ್ಳಬಹುದು, ಒಮ್ಮೆ ಹತ್ತಿದರೆ ಅದು ಬಿಡುವುದು ಕಷ್ಟ. ಈ ಎಚ್ಚರವನ್ನು ದಯವಿಟ್ಟು ಹಗುರವಾಗಿ ತೆಗೆದುಕೊಳ್ಳಬೇಡಿ. ಬಿಳಿಯ ಟಿಶ್ಯೂ ಕಾಗದವನ್ನು ನೀರಿನಲ್ಲಿ ಅದ್ದಿ, ಹಿಂಡಿ, ತಟ್ಟೆಯ ಮೇಲೆ ಹರಡಿ. ಒಣ ಹಲ್ಲುಕಡ್ಡಿಯ ತುದಿಗೆ ಅಂಟುವಷ್ಟೇ ಪುಡಿಯನ್ನು ತೆಗೆದುಕೊಂಡು, ಒಂದು ಗೇಣು ಮೇಲಿನಿಂದ ಕಡ್ಡಿಯನ್ನು ಬೆರಳಿನಿಂದ ಮೆಲ್ಲಗೆ ತಟ್ಟಿ.

ಡಬ್ಬಿಯಲ್ಲಿ ಒಂದೇ ಸಮನಾಗಿ ಕಾಣುತ್ತಿದ್ದ ಕಂದು ಪುಡಿ ಕಾಗದದ ಮೇಲೆ ಬಿದ್ದ ಕೆಲವೇ ಕ್ಷಣಗಳಲ್ಲಿ ಒಡೆಯುತ್ತದೆ. ಒಂದು ಕಣ ಕಿತ್ತಳೆಯಾಗಿ ಹರಡುತ್ತದೆ, ಅದರ ಪಕ್ಕದಲ್ಲಿಯೇ ಸಾಸಿವೆಗಿಂತ ಚಿಕ್ಕದಾದ ಕಡುನೀಲಿ ಚುಕ್ಕೆಯೊಂದು ಏಳುತ್ತದೆ, ಅಲ್ಲೊಂದು ಇಲ್ಲೊಂದು ಕೆಂಪು. ಅಪ್ಪಟ ಬಣ್ಣವಾದರೆ ಎಲ್ಲ ಚುಕ್ಕೆಗಳೂ ಒಂದೇ ಬಣ್ಣದವು. ಚುಕ್ಕೆಯ ನಡುವೆ ಗಾಢವಾಗಿ ಅಂಚಿನಲ್ಲಿ ತೆಳುವಾಗಿ ಕಂಡರೆ ಅದು ಎರಡು ಬಣ್ಣವಲ್ಲ, ಒಂದೇ ಬಣ್ಣದ ಎರಡು ಸಾಂದ್ರತೆ. ಕಾಗದದಲ್ಲಿ ನೀರು ಹೆಚ್ಚಾದರೆ ಚುಕ್ಕೆಗಳು ಕೂಡಿಕೊಂಡು ಏನೂ ತಿಳಿಯದಂತಾಗುತ್ತದೆ.

ಒಣ ಪುಡಿಗಳನ್ನು ಬೆರೆಸಿದ್ದರೆ ಮಾತ್ರ ಈ ಪರೀಕ್ಷೆ ಸುಳ್ಳಾಡುವುದಿಲ್ಲ. ದ್ರವರೂಪದಲ್ಲಿಯೇ ಕೂಡಿಸಿ ಆಮೇಲೆ ಒಣಗಿಸಿದ್ದರೆ ಪ್ರತಿಯೊಂದು ಕಣದಲ್ಲಿಯೂ ಎಲ್ಲ ಬಣ್ಣಗಳೂ ಇರುವುದರಿಂದ ಬೆರೆಸಿದ ಬಣ್ಣವೂ ಅಪ್ಪಟದಂತೆ ಕಾಣುತ್ತದೆ. ದ್ರವ ಬಣ್ಣಗಳಿಗಂತೂ ಇದು ಅನ್ವಯಿಸುವುದೇ ಇಲ್ಲ. ಅವುಗಳಿಗೆ ಮುಂದಿನ ದಾರಿ.

ನಾಲ್ಕನೆಯ ಹೆಜ್ಜೆ: ಕಾಗದದ ಪಟ್ಟಿಯಲ್ಲಿ ಬಣ್ಣವನ್ನು ಏರಿಸಿ

ಫಿಲ್ಟರ್ ಕಾಗದವನ್ನು ಎರಡು ಬೆರಳಗಲದ ಪಟ್ಟಿಯಾಗಿ ಕತ್ತರಿಸಿ, ತುದಿಯಿಂದ 2 ಸೆಂ.ಮೀ. ಮೇಲೆ ಪೆನ್ಸಿಲಿನಿಂದ ಗೆರೆ ಎಳೆದು, ಅದರ ಮೇಲೆ ಬಣ್ಣದ ನೀರಿನ ಒಂದು ಚಿಕ್ಕ ಚುಕ್ಕೆ ಇಟ್ಟು ಒಣಗಲು ಬಿಡಿ. ಲೋಟದಲ್ಲಿ ಚಿಟಿಕೆ ಉಪ್ಪು ಕರಗಿಸಿದ ನೀರನ್ನು ತುಸುವೇ ಹಾಕಿ, ಪಟ್ಟಿಯ ತುದಿ ಮಾತ್ರ ಮುಳುಗುವಂತೆ, ಚುಕ್ಕೆ ನೀರಿಗಿಂತ ಮೇಲೇ ಇರುವಂತೆ ತೂಗುಹಾಕಿ. ನೀರು ಕಾಗದವನ್ನು ಏರುವಾಗ ಬಣ್ಣವನ್ನೂ ಹೊತ್ತೊಯ್ಯುತ್ತದೆ. ಕಾಗದಕ್ಕೆ ಹೆಚ್ಚು ಅಂಟುವ ವರ್ಣದ್ರವ್ಯ ಹಿಂದೆ ಉಳಿದು, ಕಡಿಮೆ ಅಂಟುವುದು ಮುಂದೆ ಸಾಗುವುದರಿಂದ ಪಟ್ಟೆಗಳು ಬೇರೆಯಾಗುತ್ತವೆ. ಎರಡು ಪಟ್ಟೆ ಕಂಡರೆ ಬೆರೆಸಿದ್ದು ಎಂದು ಧಾರಾಳವಾಗಿ ಹೇಳಬಹುದು. ಒಂದೇ ಪಟ್ಟೆ ಕಂಡರೆ ಅಪ್ಪಟವೆಂದು ಅಷ್ಟೇ ಧೈರ್ಯದಿಂದ ಹೇಳಲಾಗದು, ಏಕೆಂದರೆ ಒಂದೇ ವೇಗದಲ್ಲಿ ಸಾಗುವ ಎರಡು ವರ್ಣದ್ರವ್ಯಗಳು ಬೇರ್ಪಡುವುದಿಲ್ಲ.

ಐದನೆಯ ಹೆಜ್ಜೆ: ಬಟ್ಟೆಯನ್ನೇ ಕೇಳಿ

ಅನುಮಾನ ಉಳಿದರೆ ಹತ್ತಿಯ ತುಂಡನ್ನು ಲೀಟರಿಗೆ ಸುಮಾರು 50 ಗ್ರಾಂ ಸೋಡಾ ಆ್ಯಶ್ ಕರಗಿಸಿದ ನೀರಿನಲ್ಲಿ ನೆನೆಸಿ, ಹಿಂಡಿ, ಬಣ್ಣದ ಒಂದೇ ಹನಿ ಹಾಕಿ, ಪ್ಲಾಸ್ಟಿಕ್ ಮುಚ್ಚಿ ರಾತ್ರಿಯಿಡೀ ಬಿಟ್ಟು ತೊಳೆಯಿರಿ. ಎಂಎಕ್ಸ್ ಬಣ್ಣಗಳಲ್ಲಿ ಗುಲಾಬಿಗೆಂಪು ಬಹು ಬೇಗ ನಾರನ್ನು ಹಿಡಿಯುತ್ತದೆ; ವೈಡೂರ್ಯದ ನೀಲಿ, ಎಂದರೆ ರಿಯಾಕ್ಟಿವ್ ಬ್ಲೂ 140, ದೊಡ್ಡ ಅಣುವಿನ ಬಣ್ಣವಾದ್ದರಿಂದ ನಿಧಾನವಾಗಿ ಹಿಡಿಯುತ್ತದೆ, ಹಿಡಿಯುವಷ್ಟರಲ್ಲಿ ದೂರ ಹರಿದಿರುತ್ತದೆ. ನನ್ನ ನೇರಳೆಯ ಸುತ್ತ ನೀಲಿಯ ಉಂಗುರ ಮೂಡಿದ್ದು ಈ ಕಾರಣಕ್ಕೆ. ಅಂಚಿನಲ್ಲಿ ಬಣ್ಣ ಬರಿದೆ ತೆಳುವಾಗಿದ್ದರೆ ಅಪ್ಪಟ, ಬೇರೆ ಬಣ್ಣಕ್ಕೆ ತಿರುಗಿದ್ದರೆ ಬೆರೆಸಿದ್ದು.

ಹೊಸದಾಗಿ ತೊಡಗುವವರು ರಿಯಾಕ್ಟಿವ್ ಯೆಲ್ಲೋ 86, ರಿಯಾಕ್ಟಿವ್ ರೆಡ್ 11, ರಿಯಾಕ್ಟಿವ್ ಬ್ಲೂ 140 ಎಂಬ ಮೂರು ಅಪ್ಪಟ ಬಣ್ಣಗಳನ್ನೂ, ಬೆರೆಸಿದ್ದೆಂದು ತಿಳಿದೇ ಒಂದು ಕಪ್ಪನ್ನೂ ಕೊಂಡರೆ ಬಹುಕಾಲ ಬೇರೇನೂ ಬೇಕಾಗುವುದಿಲ್ಲ ಎಂಬುದು ನನ್ನ ಅನುಭವ. ಬಣ್ಣ ಒಡೆದು ಹರಡುವ ಚೆಲುವೇ ಬೇಕೆನ್ನುವವರು ಬೆರೆಸಿದ ಬಣ್ಣಗಳನ್ನು ಬೇಕೆಂದೇ ಆರಿಸಿಕೊಳ್ಳಬಹುದು. ಪರೀಕ್ಷಿಸಿದ ಕಾಗದವನ್ನು ಒಣಗಿಸಿ, ಕೊಂಡ ದಿನಾಂಕವನ್ನೂ ಕಲರ್ ಇಂಡೆಕ್ಸ್ ಹೆಸರನ್ನೂ ಬರೆದು ಪುಸ್ತಕದಲ್ಲಿ ಅಂಟಿಸಿಡಿ. ಮುಂದಿನ ಸಲ ಅದೇ ಹೆಸರಿನ ಡಬ್ಬಿ ತಂದಾಗ ಹೊಸ ಕಾಗದವನ್ನು ಹಳೆಯದರ ಪಕ್ಕದಲ್ಲಿಟ್ಟು ನೋಡಿ; ಮಿಶ್ರಣದ ಪ್ರಮಾಣವನ್ನು ಬದಲಿಸಿದ್ದರೆ ಚುಕ್ಕೆಗಳಲ್ಲಿಯೇ ಗೊತ್ತಾಗುತ್ತದೆ.