ಎರಡು ಸಕ್ಕರೆ, ಐದು ಗಂಟೆಯ ಮೂತ್ರ: ಕರುಳಿನ ಸೋರಿಕೆ ಅಳೆದ ನನ್ನ ಅನುಭವ

ಕರುಳು ಸೋರುತ್ತಿದೆಯೇ, ಅಂದರೆ ಅದರ ಗೋಡೆ ತಡೆಯಬೇಕಾದ್ದನ್ನೂ ರಕ್ತಕ್ಕೆ ಬಿಡುತ್ತಿದೆಯೇ ಎಂದು ತಿಳಿಯಲು ನಾವು ಮಗುವಿನ ಹೊಟ್ಟೆಯೊಳಗೆ ಕೊಳವೆ ಇಳಿಸುವುದಿಲ್ಲ, ರಕ್ತವನ್ನೂ ತೆಗೆಯುವುದಿಲ್ಲ. ಎರಡು ಬಗೆಯ ಸಕ್ಕರೆ ಕರಗಿಸಿದ ನೀರು ಕುಡಿಸುತ್ತೇವೆ. ಆಮೇಲೆ ಐದು ಗಂಟೆ ಅದರ ಮೂತ್ರ ಹಿಡಿಯುತ್ತೇವೆ. ಹೇಳಲು ಇಷ್ಟೇ. ರಾಯಚೂರು ಜಿಲ್ಲೆಯ ಕೆಲವು ಹಳ್ಳಿಗಳಲ್ಲಿ ಮಕ್ಕಳ ಬೆಳವಣಿಗೆಯ ಅಧ್ಯಯನಕ್ಕಾಗಿ ಈ ಕೆಲಸವನ್ನು ಮಾಡಿದ್ದೇನೆ, ನಂತರ ಅದೇ ಮಾದರಿಗಳನ್ನು ಪ್ರಯೋಗಾಲಯದಲ್ಲಿ ಯಂತ್ರಕ್ಕೆ ಏರಿಸುವುದನ್ನೂ ಕಲಿತಿದ್ದೇನೆ. ಎರಡೂ ಕಡೆ ಕೈ ಹಾಕಿದವಳಾದ್ದರಿಂದ ಈ ಪರೀಕ್ಷೆ ಏನು ಹೇಳುತ್ತದೆ, ಏನು ಹೇಳುವುದಿಲ್ಲ ಎಂಬುದರ ಬಗ್ಗೆ ನನಗೆ ಸ್ವಲ್ಪ ಗಟ್ಟಿ ಅಭಿಪ್ರಾಯವಿದೆ.

ಆ ಎರಡು ಸಕ್ಕರೆಗಳು ಲ್ಯಾಕ್ಟುಲೋಸ್ ಮತ್ತು ಮ್ಯಾನಿಟಾಲ್. ಆಸ್ಪತ್ರೆಯ ಒಡನಾಟ ಇದ್ದವರಿಗೆ ಎರಡೂ ಹೊಸದಲ್ಲ. ಮಲಬದ್ಧತೆಗೂ ಲಿವರ್ ಕೆಟ್ಟ ರೋಗಿಗಳಿಗೂ ಕೊಡುವ ಅಂಟಂಟು ಸಿರಪ್ಪು ಲ್ಯಾಕ್ಟುಲೋಸ್. ತಲೆಗೆ ಪೆಟ್ಟು ಬಿದ್ದು ಮೆದುಳು ಬಾತಾಗ ಡ್ರಿಪ್ಪಿಗೆ ಹಾಕುವ, ಚಳಿಗೆ ಹರಳುಗಟ್ಟುವ ಬಾಟಲಿ ಮ್ಯಾನಿಟಾಲ್. ಎರಡನ್ನೂ ನಮ್ಮ ದೇಹ ಬಳಸಿಕೊಳ್ಳುವುದಿಲ್ಲ. ಕರುಳಿನ ಗೋಡೆ ದಾಟಿ ರಕ್ತಕ್ಕೆ ಸೇರಿದಷ್ಟು ಹೆಚ್ಚು ಕಡಿಮೆ ಹಾಗೆಯೇ ಮೂತ್ರದಲ್ಲಿ ಹೊರಬೀಳುತ್ತದೆ. ಮ್ಯಾನಿಟಾಲಿನ ಅಣು ಚಿಕ್ಕದು, ಅಣುತೂಕ 182. ಆಹಾರವನ್ನು ಹೀರಿಕೊಳ್ಳುವ ಕರುಳಿನ ಮೇಲ್ಮೈ, ಅಂದರೆ ಹೀರುವ ಹರವು, ಎಷ್ಟಿದೆಯೋ ಅದಕ್ಕೆ ತಕ್ಕಂತೆ ಅದು ಒಳಹೋಗುತ್ತದೆ. ಲ್ಯಾಕ್ಟುಲೋಸ್ ದೊಡ್ಡದು, 342. ಕರುಳಿನ ಕೋಶ ಕೋಶಗಳನ್ನು ಹಿಡಿದಿಡುವ ಬಿಗಿ ಬೆಸುಗೆ ಸಡಿಲಾದಾಗ ಮಾತ್ರ ಅದಕ್ಕೆ ದಾರಿ. ಆರೋಗ್ಯವಂತ ವಯಸ್ಕರಲ್ಲಿ ಕುಡಿದ ಮ್ಯಾನಿಟಾಲಿನ ಶೇಕಡ 10ಕ್ಕಿಂತ ಹೆಚ್ಚು ಪಾಲು ಮೂತ್ರದಲ್ಲಿ ಸಿಗುತ್ತದೆ, ಲ್ಯಾಕ್ಟುಲೋಸ್ ಶೇಕಡ 1ನ್ನೂ ಮುಟ್ಟುವುದಿಲ್ಲ.

ಎರಡು ಸಕ್ಕರೆ ಏಕೆ, ಒಂದು ಸಾಲದೇ ಎಂದು ಹೊಸಬರು ಕೇಳುತ್ತಾರೆ. ಜಠರ ನಿಧಾನವಾಗಿ ಖಾಲಿಯಾದರೆ, ಮೂತ್ರಪಿಂಡ ಮಂದವಾಗಿದ್ದರೆ, ಒಂದಿಷ್ಟು ಮೂತ್ರ ಚೆಲ್ಲಿಹೋದರೆ ಎರಡೂ ಸಕ್ಕರೆಗಳ ಲೆಕ್ಕ ಒಂದೇ ಪ್ರಮಾಣದಲ್ಲಿ ಕಡಿಮೆಯಾಗುತ್ತದೆ. ಲ್ಯಾಕ್ಟುಲೋಸಿನ ಪಾಲನ್ನು ಮ್ಯಾನಿಟಾಲಿನ ಪಾಲಿನಿಂದ ಭಾಗಿಸಿ ಅನುಪಾತ ತೆಗೆದರೆ ಆ ದೋಷ ವಜಾ ಆಗುತ್ತದೆ. 1970ರ ದಶಕದಲ್ಲಿ ಲಂಡನ್ನಿನಲ್ಲಿ ಇಯಾನ್ ಮೆಂಜೀಸ್ ಎಂಬ ಸಂಶೋಧಕರು ಈ ಉಪಾಯವನ್ನು ಬೆಳೆಸಿದರು. ಇವತ್ತಿಗೂ ಕ್ಷೇತ್ರದ ಕೆಲಸಕ್ಕೆ ಅದಕ್ಕಿಂತ ಸುಲಭವಾದದ್ದು ನಮ್ಮ ಕೈಗೆ ಬಂದಿಲ್ಲ.

ಸುಲಭ ಎಂಬ ಮಾತು ಅಂಗನವಾಡಿಯ ಜಗುಲಿಯ ಮೇಲೆ ಕುಳಿತವರಿಗೆ ನಗು ತರಿಸೀತು. ಪರೀಕ್ಷೆ ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ ಆಗಬೇಕು. ಕ್ಷೀರಭಾಗ್ಯದ ಹಾಲನ್ನು ಎಲ್ಲ ಮಕ್ಕಳೂ ಕುಡಿಯುತ್ತಿರುವಾಗ ನಮ್ಮ ಮಗು ಮಾತ್ರ ಕುಡಿಯಬಾರದು. ಹಸಿವಿನ ಮಾತು ಹಾಗಿರಲಿ, ಹಾಲಿನದೇ ಒಂದು ತಕರಾರಿದೆ. ಹಾಲನ್ನು ಹೆಚ್ಚು ಶಾಖಕ್ಕೆ ಒಡ್ಡಿದಾಗ ಅದರ ಸಹಜ ಸಕ್ಕರೆಯಾದ ಲ್ಯಾಕ್ಟೋಸ್‌ನಲ್ಲಿ ಸ್ವಲ್ಪ ಪಾಲು ಲ್ಯಾಕ್ಟುಲೋಸ್ ಆಗಿ ಬದಲಾಗುತ್ತದೆ. ಮ್ಯಾನಿಟಾಲ್ ಅಣಬೆಯಲ್ಲಿದೆ, ಹೂಕೋಸಿನಲ್ಲಿದೆ, ಸಕ್ಕರೆರಹಿತ ಚ್ಯೂಯಿಂಗ್ ಗಮ್ಮಿನಲ್ಲಿದೆ, ಅಗಿದು ನುಂಗುವ ಎಷ್ಟೋ ಮಾತ್ರೆಗಳಲ್ಲಿಯೂ ಇದೆ. ಆದ್ದರಿಂದ ಸಕ್ಕರೆ ಕುಡಿಸುವ ಮೊದಲು ಒಮ್ಮೆ ಮೂತ್ರ ಹಿಡಿದು ಬೇರೆಯೇ ಇಡಬೇಕು. ಇದನ್ನು ಬಿಟ್ಟವರ ಅಂಕಿಗಳನ್ನು ನಾನು ನಂಬುವುದಿಲ್ಲ. ನೋವಿನ ಮಾತ್ರೆಯ ವಿಷಯವನ್ನೂ ಕೆದಕಿ ಕೇಳಬೇಕು. ಐಬುಪ್ರೊಫೇನ್, ಡೈಕ್ಲೊಫೆನಾಕ್ ಮುಂತಾದವು ತಾವೇ ಕರುಳಿನ ಸೋರಿಕೆಯನ್ನು ಹೆಚ್ಚಿಸುತ್ತವೆ. ಔಷಧಿ ಕೊಟ್ಟಿದ್ದೀರಾ ಎಂದರೆ ತಾಯಂದಿರು ಇಲ್ಲ ಎನ್ನುತ್ತಾರೆ. ಜ್ವರಕ್ಕೆ ಅಂಗಡಿಯಿಂದ ಏನಾದರೂ ತಂದಿರಾ ಎಂದರೆ ಎದ್ದು ಹೋಗಿ ಬಾಟಲಿಯನ್ನೇ ತಂದು ತೋರಿಸುತ್ತಾರೆ.

ನಮ್ಮ ದ್ರಾವಣದಲ್ಲಿ ಪ್ರತಿ ಮಿಲಿಲೀಟರಿಗೆ 250 ಮಿಲಿಗ್ರಾಂ ಲ್ಯಾಕ್ಟುಲೋಸ್, 50 ಮಿಲಿಗ್ರಾಂ ಮ್ಯಾನಿಟಾಲ್. ಮಗುವಿನ ತೂಕದ ಪ್ರತಿ ಕಿಲೋಗೆ 2 ಮಿಲಿಲೀಟರ್, ಒಟ್ಟು 20 ಮೀರಬಾರದು. ಸಿಹಿಯಾದ್ದರಿಂದ ಕುಡಿಸುವುದು ಕಷ್ಟವಲ್ಲ. ಮಗು ಕಕ್ಕಿದರೆ ಅಥವಾ ಭೇದಿಯಾದರೆ ಆ ದಿನದ ಕೆಲಸ ಅಲ್ಲಿಗೆ ಮುಗಿಯಿತು. ಅರ್ಧ ಗಂಟೆ ಬಿಟ್ಟು ನೀರು ಕುಡಿಸಲು ಶುರು ಮಾಡುತ್ತೇವೆ, ಇಲ್ಲದಿದ್ದರೆ ಆ ಬಿಸಿಲಿನಲ್ಲಿ ಮೂತ್ರವೇ ಬರುವುದಿಲ್ಲ.

ಚಿಕ್ಕ ಮಕ್ಕಳಿಗೆ ಅಂಟಿಸುವ ಮೂತ್ರದ ಚೀಲಗಳಿವೆ. ಗಂಡುಮಕ್ಕಳಿಗೆ ಸರಿ, ಹೆಣ್ಣುಮಕ್ಕಳಿಗೆ ಅಂಚಿನಲ್ಲಿ ಸೋರುತ್ತದೆ. ಚರ್ಮವನ್ನು ಒದ್ದೆ ಬಟ್ಟೆಯಿಂದ ಒರೆಸಿ, ಪೂರ್ತಿ ಒಣಗಲು ಬಿಟ್ಟು, ಕೆಳಗಿನ ಅಂಚನ್ನು ಮೊದಲು ಒತ್ತಿ, ಆಮೇಲೆ ಮೇಲಕ್ಕೆ ಅಂಟಿಸುತ್ತಾ ಬಂದರೆ ನಿಲ್ಲುತ್ತದೆ. ಎಣ್ಣೆ ಹಚ್ಚಿ ಮೀಯಿಸಿದ ಮಗುವಾದರೆ ಯಾವ ಅಂಟೂ ಹಿಡಿಯುವುದಿಲ್ಲ. ಹಾಗಾಗಿ ಹಿಂದಿನ ದಿನವೇ ಹೋಗಿ ‘ನಾಳೆ ಎಣ್ಣೆ ಬೇಡವ್ವಾ’ ಎಂದು ಅಜ್ಜಿಗೆ ಹೇಳಿ ಬರುವುದು ನಮ್ಮ ಪಟ್ಟಿಯಲ್ಲಿ ಸೇರಿತು. ತಾಯಿಗಲ್ಲ, ಅಜ್ಜಿಗೆ. ಮೀಯಿಸುವವಳು ಅವಳು. ಚೀಲ ತುಂಬಿದ ಕೂಡಲೇ ಅಳತೆಯ ಜಾಡಿಗೆ ಸುರಿದು ಕ್ಲೋರ್‌ಹೆಕ್ಸಿಡಿನ್ ಹನಿ ಹಾಕಿ ಐಸ್ ಪೆಟ್ಟಿಗೆಗೆ ಸೇರಿಸಬೇಕು. ಬ್ಯಾಕ್ಟೀರಿಯ ಬೆಳೆದರೆ ನಾವು ಅಳೆಯಬೇಕಾದ ಸಕ್ಕರೆಯನ್ನು ಅವೇ ತಿಂದು ಮುಗಿಸುತ್ತವೆ.

ಪ್ರಯೋಗಾಲಯದಲ್ಲಿ ಈ ಮೂತ್ರ ಸಕ್ಕರೆಗಳನ್ನು ಒಂದೊಂದಾಗಿ ಬೇರ್ಪಡಿಸಿ ಅಳೆಯುವ ಎಚ್‌ಪಿಎಲ್‌ಸಿ ಯಂತ್ರದಲ್ಲಿ ಸಾಗುತ್ತದೆ. ಅಲ್ಲಿ ಕಣ್ಣಿಟ್ಟು ನೋಡಬೇಕಾದ್ದು ಲ್ಯಾಕ್ಟೋಸ್. ಅದರ ಅಣುತೂಕವೂ 342, ಲ್ಯಾಕ್ಟುಲೋಸಿನ ಪಕ್ಕದಲ್ಲಿಯೇ ಬಂದು ನಿಲ್ಲುವಂಥದ್ದು. ಹಾಲು ಕುಡಿಯುವ ಮಕ್ಕಳ ಮಾದರಿಗಳಲ್ಲಿ ಯಂತ್ರ ಬರೆಯುವ ಗೆರೆಯಲ್ಲಿ ಇವೆರಡರ ಶಿಖರಗಳು ಬೇರೆಯಾಗಿವೆಯೇ ಎಂದು ಪ್ರತಿ ಬಾರಿಯೂ ಪರೀಕ್ಷಿಸದೆ ನಾನು ಸಹಿ ಹಾಕುವುದಿಲ್ಲ.

ಇನ್ನು ನನ್ನ ಮುಖ್ಯ ಜಗಳ ಅನುಪಾತದ ಜೊತೆಗೆ. ಲೆಕ್ಕಕ್ಕೆಂದು ಒಂದು ಮಗು ಶೇಕಡ 0.2 ಲ್ಯಾಕ್ಟುಲೋಸ್, ಶೇಕಡ 4 ಮ್ಯಾನಿಟಾಲ್ ಹೊರಹಾಕಿತು ಎನ್ನೋಣ. ಅನುಪಾತ 0.05. ಎರಡನೆಯ ಮಗುವಿನದು 0.4 ಮತ್ತು 4, ಅನುಪಾತ 0.10. ಮೂರನೆಯದರದು 0.2 ಮತ್ತು 2, ಅದೂ 0.10. ವರದಿಯಲ್ಲಿ ಅನುಪಾತವೊಂದೇ ಇದ್ದರೆ ಕೊನೆಯ ಇಬ್ಬರೂ ‘ಸೋರುವ ಕರುಳಿನವರು’. ನಿಜದಲ್ಲಿ ಎರಡನೆಯ ಮಗುವಿನ ಬೆಸುಗೆ ಸಡಿಲವಾಗಿದೆ. ಮೂರನೆಯದರಲ್ಲಿ ಸೋರಿಕೆ ಹೆಚ್ಚಿಲ್ಲ, ಹೀರುವ ಹರವೇ ಅರ್ಧ ಇಳಿದಿದೆ. ಮಳೆಗಾಲದಲ್ಲಿ ಭೇದಿಯಿಂದ ಎದ್ದ ಒಬ್ಬ ಹುಡುಗಿಯ ವರದಿ ನನಗೆ ಈಗಲೂ ನೆನಪಿದೆ. ಅನುಪಾತ ಏರಿತ್ತು, ಲ್ಯಾಕ್ಟುಲೋಸ್ ಮೊದಲಿನಷ್ಟೇ ಇತ್ತು, ಮ್ಯಾನಿಟಾಲ್ ಮಾತ್ರ ಕುಸಿದಿತ್ತು. ಕರುಳಿನ ಒಳಪದರ ಕೆಲವೇ ದಿನಗಳಿಗೊಮ್ಮೆ ಹೊಸದಾಗುವಂಥದ್ದು. ಚಳಿಗಾಲದಲ್ಲಿ ಮತ್ತೆ ಅಳೆದಾಗ ಅವಳ ಮ್ಯಾನಿಟಾಲ್ ಮೇಲೆ ಬಂದಿತ್ತು. ಅದೇ ಓಣಿಯ ಎಷ್ಟೋ ಮಕ್ಕಳಲ್ಲಿ ಒಂದು ಸೋಂಕು ಮುಗಿಯುವಷ್ಟರಲ್ಲಿ ಇನ್ನೊಂದು ಬಂದು, ಮ್ಯಾನಿಟಾಲ್ ಮೇಲೇಳುವುದಕ್ಕೆ ಬಿಡುವೇ ಸಿಗುತ್ತಿರಲಿಲ್ಲ.

ಗೋಧಿಯ ಗ್ಲೂಟೆನ್ ಒಗ್ಗದ ಸೀಲಿಯಾಕ್ ಕಾಯಿಲೆಯಲ್ಲಿ ಎರಡೂ ಒಟ್ಟಿಗೆ ಕೆಡುತ್ತವೆ. ಕರುಳಿನ ಒಳಗೋಡೆಯ ಬೆರಳಿನಂಥ ಕಿರುಚಾಚುಗಳಾದ ವಿಲ್ಲೈಗಳು ಮೊಂಡಾಗಿ ಮ್ಯಾನಿಟಾಲ್ ಇಳಿಯುತ್ತದೆ, ಲ್ಯಾಕ್ಟುಲೋಸ್ ಏರುತ್ತದೆ. ಆದರೆ ಅದು ದಕ್ಷಿಣದಲ್ಲಿ ವಿರಳ. 2016ರಲ್ಲಿ ಪ್ರಕಟವಾದ ಅಧ್ಯಯನವೊಂದು ಉತ್ತರ ಭಾರತದಲ್ಲಿ ಶೇಕಡ 1.23, ದಕ್ಷಿಣದಲ್ಲಿ ಶೇಕಡ 0.10 ಎಂದು ಲೆಕ್ಕ ಹಾಕಿತ್ತು. ನಾವು ನೋಡುತ್ತಿದ್ದುದು ಅದನ್ನಲ್ಲ. ಕೊಳಕು ಪರಿಸರದಲ್ಲಿ ಬೆಳೆಯುವ ಮಕ್ಕಳ ಸದ್ದಿಲ್ಲದ ಕರುಳಿನ ಉರಿಯೂತವನ್ನು. ಗ್ಯಾಂಬಿಯಾದ ಶಿಶುಗಳ ಮೇಲೆ ಲನ್ ಮತ್ತು ಸಂಗಡಿಗರು 1991ರಲ್ಲಿ ಇದೇ ಸಕ್ಕರೆಗಳಿಂದ ಅಳೆದು, ಬೆಳವಣಿಗೆಯ ಕುಂಠಿತದಲ್ಲಿ ಶೇಕಡ 43ರಷ್ಟನ್ನು ಕರುಳಿನ ಸೋರಿಕೆಯೊಂದಿಗೆ ಜೋಡಿಸಿದರು. ಹಾಗಾದರೆ ಶೌಚಾಲಯ, ಶುದ್ಧ ನೀರು, ಕೈತೊಳೆಯುವುದು ಇಷ್ಟಾದರೆ ಮಕ್ಕಳು ಎತ್ತರ ಬೆಳೆಯುತ್ತಾರೆ ಎಂದು ಎಲ್ಲರೂ ಎಣಿಸಿದರು. ಬಾಂಗ್ಲಾದೇಶ, ಕೀನ್ಯಾ, ಜಿಂಬಾಬ್ವೆಗಳಲ್ಲಿ ನಡೆದ ದೊಡ್ಡ ಪ್ರಯೋಗಗಳ ಫಲಿತಾಂಶ 2018-19ರಲ್ಲಿ ಬಂದಾಗ ಅವುಗಳಿಂದಷ್ಟೇ ಎತ್ತರ ಹೆಚ್ಚಿರಲಿಲ್ಲ. ಪೂರಕ ಆಹಾರ ಕೊಟ್ಟ ಕಡೆ ಒಂದಿಷ್ಟು ಹೆಚ್ಚಿತ್ತು.

ಮ್ಯಾನಿಟಾಲ್ ಚೆನ್ನಾಗಿ ಬಂತು ಎಂದರೆ ಮಗುವಿಗೆ ಪ್ರೋಟೀನೂ ಕಬ್ಬಿಣವೂ ದಕ್ಕುತ್ತಿವೆ ಎಂದು ಹೇಳಲಾಗದು. ಪ್ರೋಟೀನನ್ನು ಬೇರೆಯೇ ಅಳೆಯಬೇಕು. ಬೆಂಗಳೂರಿನ ಸೇಂಟ್ ಜಾನ್ಸ್ ಸಂಶೋಧನಾ ಸಂಸ್ಥೆಯವರು ಅದಕ್ಕೊಂದು ಚೆಂದದ ದಾರಿ ಹಿಡಿದರು. ಭಾರಜಲ (ಭಾರದ ಹೈಡ್ರೋಜನ್ ಇರುವ ನೀರು) ಉಣಿಸಿ ಬೆಳೆಸಿದ ಕಾಳನ್ನು ಬೇಯಿಸಿ ತಿನ್ನಿಸಿ, ಅದರ ಗುರುತು ರಕ್ತದಲ್ಲಿ ಎಷ್ಟು ಕಾಣಿಸುತ್ತದೆ ಎಂದು ನೋಡುವುದು. ಹೆಸರುಕಾಳಿನ ಸಿಪ್ಪೆ ತೆಗೆದರೆ ಅದರ ಪ್ರೋಟೀನ್ ಹೆಚ್ಚು ದಕ್ಕುತ್ತದೆ ಎಂದು ಅವರು ತೋರಿಸಿದರು. ಅಂಗನವಾಡಿಯ ಅಡುಗೆಗೆ ಈ ಮಾತು ನನ್ನ ಅನುಪಾತಗಳಿಗಿಂತ ನೇರವಾಗಿ ಉಪಯೋಗಕ್ಕೆ ಬರುತ್ತದೆ ಎಂದು ಒಪ್ಪಿಕೊಳ್ಳಲು ನನಗೆ ಸಂಕೋಚವಿಲ್ಲ.

ಈಚೆಗೆ ಪರಿಚಿತರು ‘ಲೀಕಿ ಗಟ್’ ಎಂಬ ಹೆಸರಿನ ರಕ್ತಪರೀಕ್ಷೆಯ ವರದಿ ಹಿಡಿದು ಬರುತ್ತಾರೆ. ಹೆಚ್ಚಿನವರ ಕೈಯಲ್ಲಿರುವುದು ಕರುಳಿನ ಬಿಗಿ ಬೆಸುಗೆಯನ್ನು ಸಡಿಲಿಸುವ ಪ್ರೋಟೀನ್ ಎನ್ನಲಾದ ಜೋನ್ಯುಲಿನ್ ಅಂಕಿ. ಮಾರುಕಟ್ಟೆಯ ಕಿಟ್‌ಗಳು ಅಳೆಯುತ್ತಿರುವುದು ನಿಜಕ್ಕೂ ಜೋನ್ಯುಲಿನ್ನೇ ಎಂಬ ಬಗ್ಗೆ ಸಂಶೋಧಕರಲ್ಲೇ ಗಂಭೀರ ಅನುಮಾನವಿದೆ. ತೂಕ ಇಳಿಯುತ್ತಿದೆಯೇ, ಭೇದಿ ನಿಂತಿಲ್ಲವೇ, ರಕ್ತಹೀನತೆ ಇದೆಯೇ ಎಂದು ಕೇಳುತ್ತೇನೆ. ಇದ್ದರೆ ಗ್ಯಾಸ್ಟ್ರೋ ವೈದ್ಯರ ಬಳಿಗೆ ಕಳುಹಿಸುತ್ತೇನೆ. ಯಾವುದೂ ಇಲ್ಲದಿದ್ದರೆ, ವರದಿಯ ಜೊತೆಗೆ ಮಾರಿದ ಪುಡಿಯ ಡಬ್ಬ ತೆರೆದಿಲ್ಲವಾದರೆ ಹಿಂದಿರುಗಿಸಿ ಹಣ ಕೇಳಿ ಎನ್ನುತ್ತೇನೆ.